ಮದ್ದು ಹೊಡೆಯುವ ಮೊದಲು ಒಂದು ಮಾತು ಹೇಳಿ: ಜೇನು ಸಾಕುವವನೊಬ್ಬನ ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಉತ್ತರ ಕನ್ನಡ ಜಿಲ್ಲೆ, ಕಾರವಾರ.

ಪ್ರತಿ: ಜಿಲ್ಲೆಯ ಗ್ರಾಮ ಪಂಚಾಯ್ತಿ ಅಧ್ಯಕ್ಷರಿಗೆ, ಸೇವಾ ಸಹಕಾರಿ ಸಂಘಗಳ ಆಡಳಿತ ಮಂಡಳಿಗಳಿಗೆ, ಅಡಿಕೆ ಮತ್ತು ಗೇರು ಬೆಳೆಯುವ ಎಲ್ಲ ಅಣ್ಣತಮ್ಮಂದಿರು ಹಾಗೂ ಅಕ್ಕತಂಗಿಯರಿಗೆ.

ವಿಷಯ: ಹೂವಿನ ಕಾಲದ ಕೀಟನಾಶಕ ಸಿಂಪಡಣೆಯಿಂದ ಜೇನು ಕುಟುಂಬಗಳು ಸಾಯುತ್ತಿರುವುದು.

ಮಾನ್ಯರೇ,

ನಾನು ಶಿರಸಿ ತಾಲೂಕಿನ ಒಬ್ಬ ಸಣ್ಣ ಅಡಿಕೆ ಬೆಳೆಗಾರ. ತೋಟದ ಜೊತೆಗೆ, ಪೆಟ್ಟಿಗೆಯಲ್ಲಿ ಇಡುವ ನಮ್ಮ ನಾಡ ಜೇನಾದ ತುಡುವೆಯನ್ನು ಸಾಕುತ್ತೇನೆ. ಗೇರು ಹೂ ಬಿಡುವ ಕಾಲಕ್ಕೆ ಕೆಲವು ಪೆಟ್ಟಿಗೆಗಳನ್ನು ದೇವಿಮನೆ ಘಟ್ಟ ಇಳಿಸಿ ಕುಮಟಾ ಕಡೆ ಇಡುತ್ತೇನೆ. ನನ್ನಂಥವರು ಘಟ್ಟದ ಮೇಲೂ ಇದ್ದಾರೆ, ಕೆಳಗೂ ಇದ್ದಾರೆ. ಹೆಚ್ಚಿನವರದು ಮನೆಯ ಹಿತ್ತಲಿನ ನಾಲ್ಕಾರು ಪೆಟ್ಟಿಗೆ. ತೋಟ ಗದ್ದೆ ಇಲ್ಲದ ಕೆಲವು ಮನೆಗಳಿಗೆ ಜೇನುತುಪ್ಪವೇ ವರ್ಷದ ಮುಖ್ಯ ಆದಾಯ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ನಮ್ಮ ಜೇನು ವಿಷದಿಂದ ಸಾಯುತ್ತಿದೆ. ಹಾಗೆ ಸತ್ತದ್ದನ್ನು ಬರೆದುಕೊಳ್ಳುವವರು ಯಾರೂ ಸಿಗುತ್ತಿಲ್ಲ. ಹಸು ಸತ್ತರೆ ಪಶುವೈದ್ಯರು ಬರುತ್ತಾರೆ. ನೋಡುತ್ತಾರೆ, ಕಾರಣ ಬರೆದು ಕಾಗದ ಕೊಡುತ್ತಾರೆ. ಒಂದು ಒಳ್ಳೆಯ ತುಡುವೆ ಕುಟುಂಬದಲ್ಲಿ ಹತ್ತಿಪ್ಪತ್ತು ಸಾವಿರ ನೊಣ ಇರುತ್ತವೆ. ಅವು ಎರಡೇ ದಿನದಲ್ಲಿ ಸತ್ತರೆ ಹೋಗಿ ಹೇಳಲು ಒಂದು ಜಾಗ ಇಲ್ಲ. ದಾಖಲೆ ಇಲ್ಲದ ಕಾರಣ ಸರ್ಕಾರದ ಲೆಕ್ಕದಲ್ಲಿ ಈ ಕಷ್ಟವೇ ಇಲ್ಲ. ಹಾಗಾಗಿ ನಾನು ಕಣ್ಣಾರೆ ಕಂಡದ್ದನ್ನು, ನನಗೆ ತಿಳಿದ ಕಾರಣಗಳನ್ನು ಎಲ್ಲರೆದುರು ಬರೆಯುತ್ತಿದ್ದೇನೆ.

ಕಳೆದ ಗೇರು ಹಂಗಾಮಿನಲ್ಲಿ ಕುಮಟಾ ತಾಲೂಕಿನ ಒಂದು ಊರಿನಲ್ಲಿ, ಪರಿಚಯದವರ ಗೇರು ಹಕ್ಕಲಿನಲ್ಲಿ (ಗೇರು ತೋಪಿನಲ್ಲಿ) ಪೆಟ್ಟಿಗೆ ಇಟ್ಟಿದ್ದೆ. ಗೇರು ತುಂಬಾ ಹೂ ಬಿಟ್ಟಿತ್ತು. ಬೆಳಗಿನ ಹೊತ್ತು ನೊಣಗಳು ಪರಾಗ ತರುವ ರಭಸದಲ್ಲಿದ್ದವು. ಆ ಹೊತ್ತಿಗೇ ಪಾಗಾರದ (ಗೋಡೆಯ) ಆಚೆಯ ಹಕ್ಕಲಿನಲ್ಲಿ ಕೂಲಿಯವರು ಪವರ್ ಸ್ಪ್ರೇಯರ್ ಹಿಡಿದು ಗೇರಿನ ಹೂವಿಗೆ ಮದ್ದು ಹೊಡೆಯತೊಡಗಿದರು. ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆಯ ಬಾಗಿಲಲ್ಲಿ ನೊಣಗಳು ನಡುಗುತ್ತಿದ್ದವು. ಕೆಲವು ಬೆನ್ನ ಮೇಲೆ ಬಿದ್ದು ಗಿರಗಿರ ಸುತ್ತುತ್ತಿದ್ದವು. ಬಹಳಷ್ಟು ನಾಲಿಗೆ ಹೊರಗೆ ಚಾಚಿಕೊಂಡೇ ಸತ್ತಿದ್ದವು. ಕಾಲಿನಲ್ಲಿ ಪರಾಗದ ಉಂಡೆ ಹಾಗೇ ಇತ್ತು. ಸಂಜೆಗೆ ಪ್ರತಿ ಪೆಟ್ಟಿಗೆಯ ಮುಂದೆ ಸತ್ತ ನೊಣಗಳ ರಾಶಿ ಬಿದ್ದಿತ್ತು. ಹೂವಿನ ಮೇಲೇ ಸತ್ತವು, ದಾರಿಯಲ್ಲಿ ಉದುರಿದವು ಎಷ್ಟು ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಹೊಡೆಯುತ್ತಿದ್ದವರನ್ನು ಕೇಳಿದೆ. ಗೇರಿನ ರಸ ಹೀರುವ ಟೀ ಸೊಳ್ಳೆ ಎಂಬ ಕೀಟಕ್ಕೆ ಅಂದರು. ತೋರಿಸಿದ ಕೀಟನಾಶಕದ ಬಾಟಲಿ ಲ್ಯಾಂಬ್ಡಾ ಸೈಹಲೋಥ್ರಿನ್‌ನದು. ಅದರ ಜೊತೆ ಇನ್ನೊಂದು ಪುಡಿ ಬೆರೆಸಿದ್ದರು. ಅದರ ಪೊಟ್ಟಣ ಹರಿದು ಹೋಗಿತ್ತು, ಹೆಸರು ಓದಲಾಗಲಿಲ್ಲ. ಹಕ್ಕಲಿನ ಯಜಮಾನರು ಬಂದರು. ಒಳ್ಳೆಯ ಮನುಷ್ಯ. "ನೀವು ಇಲ್ಲಿ ಪೆಟ್ಟಿಗೆ ಇಟ್ಟದ್ದೇ ನಂಗೆ ಗೊತ್ತಿರ್ಲಿಲ್ಲ ಮಾರಾಯ್ರೆ. ಗೊತ್ತಿದ್ರೆ ಒಂದು ಫೋನ್ ಮಾಡ್ತಿದ್ದೆ" ಅಂದರು. ಅವರ ಮಾತನ್ನು ನಾನು ಪೂರ್ತಿ ನಂಬುತ್ತೇನೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ನನ್ನ ವಿಷಯ ಗೊತ್ತಾಗುವ, ನನಗೆ ಅವರ ವಿಷಯ ಗೊತ್ತಾಗುವ ಒಂದು ಏರ್ಪಾಡು ಇರಲಿಲ್ಲ. ನನ್ನ ದೂರು ಇರುವುದು ಅದರ ಬಗ್ಗೆ.

ಸತ್ತ ನೊಣಗಳನ್ನು ಡಬ್ಬಿಯಲ್ಲಿ ಹಾಕಿಕೊಂಡು ಒಂದು ಸರ್ಕಾರಿ ಕಚೇರಿಗೆ ಹೋದೆ. ಕಚೇರಿಯ ಹೆಸರು ಬೇಡ, ಅಲ್ಲಿದ್ದವರನ್ನು ದೂರುವುದು ನನ್ನ ಉದ್ದೇಶ ಅಲ್ಲ. ಅವರು ಕೂರಿಸಿ ಮಾತಾಡಿಸಿದರು. "ರೋಗ ಇರಬೇಕು, ಪೆಟ್ಟಿಗೆ ಸ್ವಚ್ಛ ಇಟ್ಟುಕೊಳ್ಳಿ" ಎಂದರು. ವಿಷ ಹೌದೋ ಅಲ್ಲವೋ ಪರೀಕ್ಷೆ ಮಾಡಿಸಬೇಕು, ಎಲ್ಲಿಗೆ ಕಳಿಸಲಿ ಎಂದು ಕೇಳಿದೆ. ಅದಕ್ಕೆ ಉತ್ತರ ಇರಲಿಲ್ಲ. ವಿಷದ ಪರೀಕ್ಷೆ ಆಗಬೇಕಾದರೆ ಸತ್ತ ನೊಣ ತಾಜಾ ಇರಬೇಕು, ಕೂಡಲೇ ಫ್ರೀಜರಿನಲ್ಲಿ ಇಡಬೇಕು. ಬಿಸಿಲಲ್ಲಿ ತಿರುಗಾಡಿದ ಡಬ್ಬಿಯಲ್ಲಿ ಅಷ್ಟೊತ್ತಿಗೆ ನೊಣ ಕೊಳೆಯತೊಡಗಿತ್ತು. ಅಲ್ಲಿಗೆ ನನ್ನ ಸಾಕ್ಷಿ ಮುಗಿಯಿತು.

ರೋಗಕ್ಕೂ ವಿಷಕ್ಕೂ ವ್ಯತ್ಯಾಸ ಗೊತ್ತಿಲ್ಲದೆ ನಾನು ಹೀಗೆ ಹೇಳುತ್ತಿಲ್ಲ. ರೋಗ ಏನು ಮಾಡುತ್ತದೆ ಎಂದು ಈ ಜಿಲ್ಲೆಯ ಹಳೆಯ ಜೇನು ಕೃಷಿಕರಿಗೆ ಚೆನ್ನಾಗಿ ಗೊತ್ತು. 1991-92ರ ಹೊತ್ತಿಗೆ ದಕ್ಷಿಣ ಭಾರತಕ್ಕೆ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂತು. ನಮ್ಮ ತುಡುವೆ ಕುಟುಂಬಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಅದರಲ್ಲೇ ಹೋದವು. ಎಷ್ಟೋ ಮನೆಗಳಲ್ಲಿ ಖಾಲಿ ಪೆಟ್ಟಿಗೆಗಳು ಅಟ್ಟ ಸೇರಿದವು. ಉಳಿದ ಕೆಲವೇ ಕುಟುಂಬಗಳಿಂದ ಪಾಲು ಮಾಡುತ್ತಾ, ಕಾಡಿನಿಂದ ಹಿಡಿದು ತರುತ್ತಾ ವರ್ಷಗಟ್ಟಲೆ ಮತ್ತೆ ಬೆಳೆಸಿದ್ದೇವೆ. ಆ ರೋಗದಲ್ಲಿ ಸಾಯುವುದು ಮರಿ. ಕೋಣೆಯ ಮುಚ್ಚಳ ತೆಗೆದರೆ ಮರಿ ತಲೆ ಮೇಲೆತ್ತಿ ಸತ್ತಿರುತ್ತದೆ. ಚಿಮಟದಿಂದ ಎಳೆದರೆ ನೀರು ತುಂಬಿದ ಚೀಲದ ಹಾಗೆ ಬರುತ್ತದೆ. ಕುಟುಂಬ ವಾರಗಟ್ಟಲೆ ಕುಗ್ಗುತ್ತಾ ಹೋಗುತ್ತದೆ. ವಿಷದಲ್ಲಿ ಮೊದಲು ಸಾಯುವುದು ಹೊರಗೆ ದುಡಿಯುವ ದೊಡ್ಡ ನೊಣ. ಅದೂ ಒಂದೇ ದಿನ, ಅಕ್ಕಪಕ್ಕದ ಎಲ್ಲ ಪೆಟ್ಟಿಗೆಗಳಲ್ಲಿ ಒಟ್ಟಿಗೇ. ಇಷ್ಟನ್ನು ಗುರುತಿಸಲು ದೊಡ್ಡ ಪ್ರಯೋಗಾಲಯ ಬೇಡ. ಬಂದು ನೋಡುವ ಮನಸ್ಸು, ಬರೆದುಕೊಳ್ಳಲು ಒಂದು ನಮೂನೆ ಇದ್ದರೆ ಸಾಕು.

ಇನ್ನೊಂದು ಮಾತು. ವಿಷ ಬಿದ್ದ ಮೇಲೆ ಉಳಿದ ಕುಟುಂಬದ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ದುಡಿಯುವ ನೊಣಗಳು ಹೋದಮೇಲೆ ಮರಿ ನೋಡಿಕೊಳ್ಳಬೇಕಾದ ಎಳೆಯ ನೊಣಗಳೇ ಹೊರಗೆ ಹೋಗಬೇಕಾಗುತ್ತದೆ. ಮರಿಗೆ ಶಾಖ ಸಾಲುವುದಿಲ್ಲ, ಊಟ ಸಾಲುವುದಿಲ್ಲ. ಎರಿಯ ಮೇಲೆ ಕಾವಲಿಗೆ ನೊಣ ಇರುವುದಿಲ್ಲ. ಆಗ ಮೇಣದ ಹುಳು ಬೀಳುತ್ತದೆ, ಇರುವೆ ನುಗ್ಗುತ್ತದೆ. ಕೊನೆಗೊಂದು ದಿನ ಉಳಿದ ನೊಣಗಳು ರಾಣಿಯ ಜೊತೆ ಪೆಟ್ಟಿಗೆ ಬಿಟ್ಟು ಹಾರಿಹೋಗುತ್ತವೆ. ತಿಂಗಳ ನಂತರ ಯಾರಾದರೂ ನೋಡಲು ಬಂದರೆ "ಮೇಣದ ಹುಳುವಿನ ಕಾಟ" ಎನ್ನುತ್ತಾರೆ. ಹುಳು ಬಂದದ್ದು ಕೊನೆಯಲ್ಲಿ. ಮೊದಲು ಬಂದದ್ದು ಮದ್ದು.

ಗೇರಿನ ಟೀ ಸೊಳ್ಳೆ ದೊಡ್ಡ ಪೀಡೆ ಎನ್ನುವುದು ನನಗೂ ಗೊತ್ತು. ಚಿಗುರು ಒಣಗಿಸುತ್ತದೆ, ಹೂವಿನ ಗೊಂಚಲು ಕರಟಿಸುತ್ತದೆ, ಎಳೆಗಾಯಿ ಉದುರಿಸುತ್ತದೆ. ಅದಕ್ಕೆ ಚಿಗುರು ಬರುವಾಗ, ಹೂ ಬಿಡುವಾಗ, ಕಾಯಿ ಕಟ್ಟುವಾಗ ಎಂದು ಮೂರು ಸಲ ಹೊಡೆಯುವ ಪದ್ಧತಿ ಬಂದಿದೆ. ಚಿಗುರಿಗೆ ಹೊಡೆದರೆ ನೊಣಕ್ಕೆ ಅಷ್ಟು ಅಪಾಯ ಇಲ್ಲ. ಹೂವಿಗೆ, ಅದೂ ಬೆಳಗಿನ ಹೊತ್ತು ಹೊಡೆದರೆ ಅದು ನೇರ ನೊಣದ ಮೈಮೇಲೆ ಬೀಳುತ್ತದೆ. ಗೇರು ಕಾಯಿ ಕಟ್ಟಲು ಕೀಟಗಳ ಪರಾಗಸ್ಪರ್ಶ ಬೇಕು. ಬೆಳೆ ಉಳಿಸಲು ಹೊಡೆಯುವ ಮದ್ದು ಕಾಯಿ ಕಟ್ಟಿಸುವವರನ್ನೇ ಕೊಲ್ಲುತ್ತಿದೆ. ಮಾವಿನದೂ ಇದೇ ಪಾಡು. ಹೂ ಬಿಟ್ಟ ಮಾವಿಗೆ ಜಿಗಿಹುಳುವಿನ ಹೆಸರಿನಲ್ಲಿ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಹೊಡೆಯುತ್ತಾರೆ. ಅಂಕೋಲೆಯ ಕರಿ ಇಶಾಡ, ನಮ್ಮ ಘಟ್ಟದ ಅಪ್ಪೆಮಿಡಿ, ಈ ಎರಡು ಮಾವಿಗೂ ಭೌಗೋಳಿಕ ಸೂಚಿಕೆಯ (ಜಿಐ) ಗೌರವ ಬಂದಿದೆ. ಆ ಮರಗಳ ಹೂವಿಗೆ ಬರುವ ನೊಣ, ಜೇನುಗಳ ಬಗ್ಗೆ ಯಾರೂ ಮಾತಾಡುವುದಿಲ್ಲ.

ಈಗ ಘಟ್ಟದ ಮೇಲಿನ ವಿಷಯ. ಮೊದಲೇ ಒಂದು ಸ್ಪಷ್ಟ ಮಾಡುತ್ತೇನೆ. ಮಳೆಗಾಲದಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಬಗ್ಗೆ ನನ್ನ ತಕರಾರಿಲ್ಲ. ಮೈಲುತುತ್ತ, ಸುಣ್ಣ ಇಲ್ಲದೆ ಈ ಮಳೆಯಲ್ಲಿ ಅಡಿಕೆ ಉಳಿಯುವುದಿಲ್ಲ, ನಾನೂ ಹೊಡೆಸುತ್ತೇನೆ. ನನ್ನ ಭಯ ಇರುವುದು ಈಚಿನ ವರ್ಷಗಳ ಎಲೆಚುಕ್ಕಿ ರೋಗದ ಸುತ್ತ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಗಳಿಗೆ ಇದು ಬಂದಾಗಿನಿಂದ ಬೆಳೆಗಾರರು ಕಂಗಾಲಾಗಿದ್ದಾರೆ. ಪ್ರೊಪಿಕೊನಜೋಲ್, ಹೆಕ್ಸಾಕೊನಜೋಲ್, ಟೆಬುಕೊನಜೋಲ್ ಎಂಬ ಶಿಲೀಂಧ್ರನಾಶಕಗಳನ್ನು ಹೊಡೆಯುತ್ತಿದ್ದಾರೆ. ಇವು ಒಂಟಿಯಾಗಿ ಜೇನುನೊಣವನ್ನು ಕೂಡಲೇ ಕೊಲ್ಲುವಂಥವಲ್ಲ. ಆದರೆ ಅಂಗಡಿಗಳಲ್ಲಿ ಏನಾಗುತ್ತಿದೆ ನೋಡಿ. "ಹೇಗೂ ಮರ ಹತ್ತುವ ಕೊನೆಗೌಡನ ಕೂಲಿ ಕೊಡ್ತೀರಿ, ಒಂದೇ ಖರ್ಚಿನಲ್ಲಿ ಹುಳಕ್ಕೂ ಆಗ್ಲಿ" ಎಂದು ಇದರ ಜೊತೆ ಒಂದು ಕೀಟನಾಶಕವನ್ನೂ ಕೊಟ್ಟು ಕಳಿಸುತ್ತಾರೆ. ನಾನೇ ನಿಂತು ಕೇಳಿಸಿಕೊಂಡ ಮಾತಿದು.

ಈ ಮಿಶ್ರಣ ಎಷ್ಟು ಕೆಟ್ಟದ್ದು ಎಂದು ವಿಜ್ಞಾನಿಗಳು ಎಂದೋ ಹೇಳಿದ್ದಾರೆ. ನೊಣದ ಹೊಟ್ಟೆಗೆ ಸ್ವಲ್ಪ ವಿಷ ಹೋದರೆ ಅದನ್ನು ಒಡೆದು ಹಾಕುವ ಕಿಣ್ವಗಳು ಅದರ ದೇಹದಲ್ಲೇ ಇವೆ. ಪ್ರೊಪಿಕೊನಜೋಲ್ ಜಾತಿಯ ಶಿಲೀಂಧ್ರನಾಶಕ ಆ ಕಿಣ್ವಗಳನ್ನೇ ಕಟ್ಟಿಹಾಕುತ್ತದೆ. ಆಮೇಲೆ ಸಣ್ಣ ಪ್ರಮಾಣದ ಕೀಟನಾಶಕವೂ ಪೂರ್ತಿ ವಿಷವಾಗುತ್ತದೆ. 2004ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಪ್ರೊಪಿಕೊನಜೋಲ್ ಜೊತೆ ಸೇರಿದಾಗ ಅಸಿಟಾಮಿಪ್ರಿಡ್ ಎಂಬ ಕೀಟನಾಶಕ ಜೇನುನೊಣಕ್ಕೆ ಸುಮಾರು ನೂರು ಪಟ್ಟು ಹೆಚ್ಚು ವಿಷಕಾರಿಯಾಯಿತು. ಥಯಾಕ್ಲೋಪ್ರಿಡ್ ಐನೂರು ಪಟ್ಟಿಗೂ ಮೀರಿತು. ಅಸಿಟಾಮಿಪ್ರಿಡ್ ಅನ್ನು ಜೇನಿಗೆ ಅಷ್ಟೇನೂ ಅಪಾಯ ಇಲ್ಲದ ಮದ್ದು ಎಂದು ಹೇಳುತ್ತಾರೆ. ಒಂಟಿಯಾಗಿ ಹೊಡೆದಾಗ ಅದು ನಿಜ ಇರಬಹುದು. ಮದ್ದು ಬೆರೆಸುವ ನಮ್ಮ ಡ್ರಮ್ಮಿನಲ್ಲಿ ಅದು ಒಂಟಿಯಾಗಿ ಇರುವುದಿಲ್ಲವಲ್ಲ. ಡ್ರಮ್ಮಿನಲ್ಲಿ ಏನೇನು ಬೆರೆಯುತ್ತದೆ ಎಂದು ಪರೀಕ್ಷಿಸಿ ರೈತರಿಗೆ ತಿಳಿಸುವ ಕೆಲಸವನ್ನು ಯಾರಾದರೂ ಮಾಡಬೇಕು.

ಅಡಿಕೆ ಗಾಳಿಯಿಂದ ಕಾಯಿಕಟ್ಟುವ ಬೆಳೆ, ಜೇನಿಗೂ ತೋಟಕ್ಕೂ ಏನು ಸಂಬಂಧ ಎಂದು ಕೆಲವರು ಕೇಳುತ್ತಾರೆ. ಸಂಬಂಧ ಇದೆ. ಅರಳಿದ ಹಿಂಗಾರದಿಂದ (ಅಡಿಕೆಯ ಹೂಗೊಂಚಲಿನಿಂದ) ತುಡುವೆ ಪರಾಗ ಒಯ್ಯುತ್ತದೆ, ಮರಿಗಳು ಬೆಳೆಯುವುದು ಆ ಪರಾಗದಲ್ಲಿ. ತೋಟದ ಒಳಗಿನ ಏಲಕ್ಕಿಗೆ ಜೇನು ಬಂದು ಕೂತರೆ ಮಾತ್ರ ಕಾಯಿ. ತೋಟದ ಕಾಲುವೆಯ ನೀರನ್ನೂ ನೊಣ ಕುಡಿಯುತ್ತದೆ. ಮದ್ದಿನ ಡ್ರಮ್ಮು, ಪೈಪು ತೊಳೆದ ನೀರು ಹರಿಯುವುದು ಅದೇ ಕಾಲುವೆಗೆ.

ಅಂಗಡಿಯಲ್ಲಿ ಕೊಡುವ ಇನ್ನೊಂದು ತಪ್ಪು ಧೈರ್ಯದ ಬಗ್ಗೆ ಹೇಳಲೇಬೇಕು. ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ಗುರುತು ಇರುತ್ತದೆ. ಕೆಂಪಾದರೆ ತೀವ್ರ ವಿಷ, ಹಸಿರಾದರೆ ಕಡಿಮೆ ವಿಷ ಎಂದು ರೈತ ತಿಳಿದುಕೊಳ್ಳುತ್ತಾನೆ. ಆ ಬಣ್ಣ ನಿರ್ಧಾರ ಆಗುವುದು ಇಲಿಯಂಥ ಪ್ರಾಣಿಗಳ ಮೇಲಿನ ಪರೀಕ್ಷೆಯಿಂದ. ಮನುಷ್ಯನಿಗೆ ಎಷ್ಟು ಅಪಾಯ ಎಂದು ತಿಳಿಸಲು ಅದು. ಜೇನಿಗೆ ಎಷ್ಟು ಅಪಾಯ ಎಂದು ಅದು ಹೇಳುವುದಿಲ್ಲ. ಥಯಾಮೆಥೊಕ್ಸಾಮ್ ಎಂಬ ಕೀಟನಾಶಕವನ್ನೇ ತೆಗೆದುಕೊಳ್ಳಿ. ಇಲಿಯ ಲೆಕ್ಕದಲ್ಲಿ ಅದು ಸಾಧಾರಣ ವಿಷ. ಜೇನುನೊಣದ ಹೊಟ್ಟೆಗೆ ಸುಮಾರು 5 ನ್ಯಾನೋಗ್ರಾಂ ಹೋದರೆ ಅರ್ಧದಷ್ಟು ನೊಣಗಳು ಸಾಯುತ್ತವೆ. ಒಂದು ಗ್ರಾಂ ಅನ್ನು ನೂರು ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲು ಒಂದು ನ್ಯಾನೋಗ್ರಾಂ. ಅಂಥ ಐದು ಪಾಲು ಸಾಕು.

ಸಾಯದೆ ಉಳಿದ ನೊಣವೂ ಕ್ಷೇಮವಾಗಿ ಇರುವುದಿಲ್ಲ. ಇಮಿಡಾಕ್ಲೋಪ್ರಿಡ್, ಥಯಾಮೆಥೊಕ್ಸಾಮ್, ಕ್ಲೋಥಿಯಾನಿಡಿನ್ ಇವು ಗಿಡದ ಒಳಗೆ ಸೇರಿ ಹೂವಿನ ಮಕರಂದಕ್ಕೂ ಪರಾಗಕ್ಕೂ ಬರುತ್ತವೆ. 2012ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ನೊಣಗಳ ಬೆನ್ನಿಗೆ ಸಣ್ಣ ಗುರುತುಪಟ್ಟಿ ಅಂಟಿಸಿ ನೋಡಿದರು. ಸಾಯದಷ್ಟು ಕಡಿಮೆ ಥಯಾಮೆಥೊಕ್ಸಾಮ್ ತಿಂದ ನೊಣಗಳಲ್ಲಿ ಬಹಳಷ್ಟು ಗೂಡಿಗೆ ವಾಪಸ್ ಬರಲಿಲ್ಲ. ಮರುವರ್ಷ ಇಟಲಿಯವರು ಇನ್ನೊಂದು ತೋರಿಸಿದರು. ಕ್ಲೋಥಿಯಾನಿಡಿನ್ ನೊಣದ ರೋಗ ತಡೆಯುವ ಶಕ್ತಿಯನ್ನು ಕುಗ್ಗಿಸುತ್ತದೆ, ದೇಹದಲ್ಲಿ ಸುಮ್ಮನೆ ಇದ್ದ ವೈರಸ್ ಹೆಚ್ಚುತ್ತದೆ. ಅಂದರೆ "ರೋಗವೋ, ವಿಷವೋ" ಎಂದು ಕೇಳುವ ಪ್ರಶ್ನೆಯೇ ಅರ್ಧ ಸರಿ. ವಿಷವೇ ರೋಗಕ್ಕೆ ಬಾಗಿಲು ತೆಗೆಯಬಹುದು. ಯುರೋಪಿನ ಒಕ್ಕೂಟ ಈ ಮೂರನ್ನೂ 2013ರಲ್ಲಿ ಭಾಗಶಃ ತಡೆಯಿತು, 2018ರಲ್ಲಿ ಬಯಲು ಬೆಳೆಗಳಿಗೆ ಪೂರ್ತಿ ನಿಲ್ಲಿಸಿತು. ಇಲ್ಲಿ ಅವು ಪೇಟೆಯ ಅಂಗಡಿಗಳಲ್ಲಿ ಸಲೀಸಾಗಿ ಸಿಗುತ್ತವೆ.

ವಿಷದ ಜೊತೆಗೆ ಹಸಿವೂ ಇದೆ. ನಮ್ಮ ತುಡುವೆ ಹೆಚ್ಚೆಂದರೆ ಒಂದು, ಒಂದೂವರೆ ಕಿಲೋಮೀಟರ್ ಸುತ್ತ ದುಡಿಯುತ್ತದೆ. ಆ ಸುತ್ತಿನಲ್ಲಿ ವರ್ಷವಿಡೀ ಏನಾದರೂ ಹೂ ಇರಬೇಕು. ಮತ್ತಿ, ನೇರಳೆ, ಹೊನ್ನೆ, ಅಂಟುವಾಳ, ಸುರಗಿ, ಅಳಲೆ ಇರುವ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು, ಇದ್ದರೆ ಜೇನಿಗೆ ಬರಗಾಲ ಇಲ್ಲ. ಅಂಥ ಬೆಟ್ಟ ಕಡಿಮೆಯಾಗಿದೆ. ಅಕೇಶಿಯಾ ನೆಡುತೋಪು ದೂರದಿಂದ ಹಸಿರಾಗಿ ಕಾಣುತ್ತದೆ. ಅದರ ಹೂವಿನಲ್ಲಿ ಪರಾಗ ಉಂಟು, ಮಕರಂದ ಇಲ್ಲ. ರಸ್ತೆ ಅಗಲ ಮಾಡುವಾಗ ಹೆಜ್ಜೇನು ಕಟ್ಟುವ ಎತ್ತರದ ಮರಗಳು ಉರುಳಿದವು. ತೋಟದ ಅಂಚಿನಲ್ಲಿ, ಹುಲ್ಲು ಬೆಳೆಯುವ ಬೇಣದಲ್ಲಿ ನಾಚಿಕೆಮುಳ್ಳು ಇರುತ್ತಿತ್ತು. ಕಾಲಿಗೆ ಚುಚ್ಚುವ ಆ ಗಿಡ ತುಡುವೆಗೆ ಪರಾಗದ ದೊಡ್ಡ ಕಣಜ. ಆಳು ಸಿಗುವುದಿಲ್ಲ ಎಂದು ಈಗ ಎಲ್ಲ ಕಡೆ ಕಳೆನಾಶಕ ಹೊಡೆಯುತ್ತಾರೆ. ಗ್ಲೈಫೊಸೇಟ್ ಎಂಬ ಕಳೆನಾಶಕವನ್ನು ಕೀಟ ನಿಯಂತ್ರಣದ ಪರವಾನಗಿ ಇದ್ದವರು ಮಾತ್ರ ಬಳಸಬೇಕು ಎಂದು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಅಧಿಸೂಚನೆ ಹೊರಡಿಸಿತ್ತು. ಆಮೇಲೆಯೂ ನಮ್ಮೂರಿನಲ್ಲಿ ಏನೂ ಬದಲಾದದ್ದು ನಾನು ನೋಡಲಿಲ್ಲ. ಗ್ಲೈಫೊಸೇಟ್ ನೊಣದ ಹೊಟ್ಟೆಯಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕಡಿಮೆ ಮಾಡುತ್ತದೆ ಎಂದು ಅಮೆರಿಕದ ಟೆಕ್ಸಾಸಿನ ಸಂಶೋಧಕರು 2018ರಲ್ಲಿ ತೋರಿಸಿದ್ದಾರೆ. ಹೂ ಹೋದದ್ದಂತೂ ನಮ್ಮ ಕಣ್ಣಿಗೇ ಕಾಣುತ್ತದೆ.

ಮಳೆಯೂ ಮೊದಲಿನ ಲೆಕ್ಕಕ್ಕೆ ಸಿಗುತ್ತಿಲ್ಲ. ಹೂ ಅರಳಿದ ಹೊತ್ತಿಗೆ ಮಳೆ ಬಿದ್ದರೆ ಮಕರಂದ ತೊಳೆದು ಹೋಗುತ್ತದೆ. ಮಳೆಗಾಲದಲ್ಲಿ ಹೇಗೂ ಸಕ್ಕರೆ ಪಾಕ ಕೊಟ್ಟು ಜೇನು ಉಳಿಸಿಕೊಳ್ಳುತ್ತೇವೆ. ಆ ದಿನಗಳು ಉದ್ದವಾಗುತ್ತಿವೆ. ಹಸಿದ ಕುಟುಂಬಕ್ಕೆ ವಿಷ ಬೇಗ ತಾಗುತ್ತದೆ. ಕೆಲವರು ಇದಕ್ಕೆಲ್ಲ ಮೊಬೈಲ್ ಟವರ್ ಕಾರಣ ಎನ್ನುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ಕಣ್ಣೆದುರಿನ ಡಬ್ಬಿ ಬಿಟ್ಟು ದೂರದ ಟವರ್ ತೋರಿಸಿದರೆ ಕೆಲಸ ಆಗುವುದಿಲ್ಲ.

ಮಾನ್ಯರೇ, ಈ ಕರಾವಳಿಗೆ ಮದ್ದಿನ ಪಾಠ ಹೊಸದಲ್ಲ. ಗೇರು ನೆಡುತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಕಾಲ ಇತ್ತು. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಜೊತೆ ನಮ್ಮ ಜಿಲ್ಲೆಯ ಕುಟುಂಬಗಳೂ ಅದರ ನೋವು ಉಣ್ಣುತ್ತಿವೆ, ಸರ್ಕಾರದ ಮಾಸಾಶನ ಪಡೆಯುತ್ತಿವೆ. ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿದ್ದು 2011ರ ಮೇ ತಿಂಗಳಿನಲ್ಲಿ. ಅಡಿಕೆ ತೋಟಗಳಲ್ಲಿ ಬಳಸುತ್ತಿದ್ದ ಫೋರೇಟ್ ಎಂಬ ಕೀಟನಾಶಕ ನಿಂತದ್ದು 2020ರ ಕೊನೆಗೆ. ಎರಡೂ ಸಲ ಹಾನಿ ಮೊದಲು ಆಯಿತು, ಆದೇಶ ವರ್ಷಗಳ ನಂತರ ಬಂತು. ನಡುವಿನ ವರ್ಷಗಳಲ್ಲಿ ಹಳ್ಳಿಯ ಜನ ಹೇಳಿದ ಮಾತನ್ನು ಬರೆದಿಟ್ಟುಕೊಂಡವರು ಕಡಿಮೆ. ನಾನು ದಾಖಲೆ, ದಾಖಲೆ ಎಂದು ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಆಕಾಶದಿಂದ ಸಿಂಪಡಿಸುವುದಾದರೆ ಕನಿಷ್ಠ 24 ಗಂಟೆ ಮೊದಲು ಜನರಿಗೆ ತಿಳಿಸಬೇಕು ಎಂದು 1971ರ ಕೀಟನಾಶಕ ನಿಯಮಗಳಲ್ಲೇ ಇದೆ. ಈಗ ಡ್ರೋನ್ ಬಂದಿದೆ. ಅದಕ್ಕೂ ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರಿನಲ್ಲಿ ಕಾರ್ಯವಿಧಾನ ಪ್ರಕಟಿಸಿದೆ. ಎತ್ತರದಿಂದ ಬೀಳುವ ಮದ್ದಿಗೆ ಮುನ್ಸೂಚನೆ ಬೇಕು ಎಂದಾದರೆ, ಅಡಿಕೆ ಮರದ ತಲೆಗೆ ಉದ್ದ ಕೋಲಿನ ದೋಟಿಯಿಂದ ಹೊಡೆಯುವ ಮದ್ದಿಗೆ ಯಾಕೆ ಬೇಡ? ಗಾಳಿಗೆ ಅದೂ ಹಾರುತ್ತದೆ.

ನಮ್ಮ ಮೊದಲ ಬೇಡಿಕೆ ಇದೇ. ಹೂವಿನ ಕಾಲದಲ್ಲಿ ಕೀಟನಾಶಕ ಹೊಡೆಯುವವರು ಹಿಂದಿನ ದಿನವೇ ಗ್ರಾಮ ಪಂಚಾಯ್ತಿಗೆ ತಿಳಿಸಲಿ. ಪಂಚಾಯ್ತಿ ಆ ಭಾಗದ ಜೇನು ಸಾಕುವವರಿಗೆ ಒಂದು ವಾಟ್ಸಾಪ್ ಸಂದೇಶ ಕಳಿಸಲಿ. ಯಾರ ಮನೆಯಲ್ಲಿ ಎಷ್ಟು ಪೆಟ್ಟಿಗೆ ಇದೆ, ಹೊರಗಿನಿಂದ ತಂದವರು ಎಲ್ಲಿ ಇಟ್ಟಿದ್ದಾರೆ ಎಂಬ ಪಟ್ಟಿ ಪಂಚಾಯ್ತಿಯಲ್ಲಿ ಇರಲಿ. ಪೆಟ್ಟಿಗೆ ಇಡುವ ದಿನವೇ ನಾವು ಹೆಸರು, ಫೋನ್ ನಂಬರ್ ಕೊಡುತ್ತೇವೆ. ಒಂದು ರಾತ್ರಿ ಮೊದಲು ಗೊತ್ತಾದರೆ ಬಾಗಿಲು ಮುಚ್ಚಿ ಪೆಟ್ಟಿಗೆಯನ್ನು ಬೇರೆ ಕಡೆ ಸಾಗಿಸಬಹುದು. ಸಾಗಿಸಲು ಆಗದಿದ್ದರೆ ಗಾಳಿ ಆಡುವ ಜಾಲರಿ ಕಟ್ಟಿ, ಒದ್ದೆ ಗೋಣಿ ಹೊದಿಸಿ, ಆ ಹೊತ್ತನ್ನಾದರೂ ಕಳೆಯಬಹುದು. ಇದಕ್ಕೆ ಸರ್ಕಾರ ದೊಡ್ಡ ಖರ್ಚು ಮಾಡಬೇಕಾಗಿಲ್ಲ.

ಎರಡನೆಯದು ಹೊಡೆಯುವ ಹೊತ್ತಿನ ಬಗ್ಗೆ. ಹೂ ಪೂರ್ತಿ ಅರಳಿದಾಗ ಕೀಟನಾಶಕ ಬೇಡ. ಬೇಕೇಬೇಕಾದರೆ ಸೂರ್ಯ ಮುಳುಗುವ ಹೊತ್ತಿಗೆ, ನೊಣಗಳು ಗೂಡು ಸೇರಿದ ಮೇಲೆ ಹೊಡೆಯಬೇಕು. ಜೇನಿಗೆ ಹೆಚ್ಚು ವಿಷವಾದ ಮದ್ದುಗಳ ಪಟ್ಟಿ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಪ್ರತಿ ಮದ್ದಿನಂಗಡಿಯ ಎದುರು ಹಾಕಿಸಿ. ಶಿಲೀಂಧ್ರನಾಶಕದ ಜೊತೆ ಕೀಟನಾಶಕ ಬೆರೆಸುವ ಸಲಹೆಯನ್ನು ಬಾಯಿಮಾತಿನಲ್ಲಿ ಕೊಡುವುದು ನಿಲ್ಲಲಿ. ಬಿಲ್ಲಿನ ಮೇಲೆ ಯಾವ ಬೆಳೆಗೆ, ಯಾವ ಹುಳಕ್ಕೆ ಎಂದು ಬರೆದು ಕೊಡಲಿ. ಎಲೆಚುಕ್ಕಿಗೆ ಮದ್ದು ಹಂಚುವಾಗ, ಶಿಬಿರ ಮಾಡುವಾಗ ಜೇನಿನ ಬಗ್ಗೆಯೂ ಹೇಳಲಿ. ಶಿರಸಿಯಲ್ಲಿ ತೋಟಗಾರಿಕೆ ಕಾಲೇಜು ಇದೆ, ಕೃಷಿ ವಿಜ್ಞಾನ ಕೇಂದ್ರ ಇದೆ. ಅಲ್ಲಿನ ವಿಜ್ಞಾನಿಗಳನ್ನು ಕೂರಿಸಿಕೊಂಡು ನಮ್ಮ ಜಿಲ್ಲೆಯ ಹೂವಿನ ಕಾಲಕ್ಕೆ ಹೊಂದುವ ಒಂದು ಸಿಂಪಡಣೆ ಪಂಚಾಂಗ ಮಾಡಿಸಿ. ಘಟ್ಟದ ಮೇಲೆ ಬೇರೆ, ಕೆಳಗೆ ಬೇರೆ ಬೇಕಾಗುತ್ತದೆ.

ಇನ್ನು ಸಾವಿನ ದಾಖಲೆ. ಪ್ರತಿ ತಾಲೂಕಿನಲ್ಲಿ ಒಬ್ಬ ಸಿಬ್ಬಂದಿಗೆ ಈ ಹೊಣೆ ಕೊಡಿ, ಅವರ ಫೋನ್ ನಂಬರ್ ಎಲ್ಲರಿಗೂ ಗೊತ್ತಿರಲಿ. ಕರೆ ಬಂದ 24 ಗಂಟೆಯೊಳಗೆ ಬಂದು ನೋಡಬೇಕು, ಫೋಟೋ ತೆಗೆಯಬೇಕು, ಸತ್ತ ನೊಣವನ್ನು ಮಂಜುಗಡ್ಡೆಯಲ್ಲಿ ಇಟ್ಟು ಒಯ್ಯಬೇಕು. ತಾಲೂಕಿನ ಯಾವುದಾದರೂ ಒಂದು ಕಚೇರಿಯ ಫ್ರೀಜರಿನಲ್ಲಿ ಅದಕ್ಕೊಂದು ಜಾಗ ಇರಲಿ. ಅಲ್ಲಿಂದ ವಿಷದ ಪರೀಕ್ಷೆ ಮಾಡುವ ಪ್ರಯೋಗಾಲಯಕ್ಕೆ ಹೋಗಲಿ. ವರದಿ ನಮಗೂ ಸಿಗಲಿ. ಪರಿಹಾರದ ಮಾತನ್ನು ನಾನು ಈಗ ಎತ್ತುವುದಿಲ್ಲ. ಎಷ್ಟು ಸತ್ತಿದೆ, ಯಾತರಿಂದ ಸತ್ತಿದೆ ಎಂದು ಮೊದಲು ಗೊತ್ತಾಗಲಿ. ಕೇಂದ್ರ ಸರ್ಕಾರ 500 ಕೋಟಿ ರೂಪಾಯಿಯ ರಾಷ್ಟ್ರೀಯ ಜೇನು ಸಾಕಾಣಿಕೆ ಮಿಷನ್ ಮಾಡಿದೆ. ನಮ್ಮ ತೋಟಗಾರಿಕೆ ಇಲಾಖೆ ಪೆಟ್ಟಿಗೆಗೆ ಸಹಾಯಧನ ಕೊಡುತ್ತದೆ, ಅದಕ್ಕೆ ನಾವು ಋಣಿ. ಪೆಟ್ಟಿಗೆ ಕೊಟ್ಟ ಮೇಲೆ ಅದರೊಳಗಿನ ಜೀವ ಉಳಿಯಿತೇ ಎಂದೂ ಕೇಳಬೇಕು ಅಲ್ವಾ?

ಅರಣ್ಯ ಇಲಾಖೆಗೆ ನಿಮ್ಮ ಮೂಲಕ ಒಂದು ಮಾತು. ನೆಡುವ ಗಿಡಗಳಲ್ಲಿ ಮತ್ತಿ, ನೇರಳೆ, ಅಂಟುವಾಳ, ಹೊಂಗೆ ಹೆಚ್ಚಾಗಲಿ. ರಸ್ತೆ ಬದಿಯಲ್ಲಿ ಕಡಿದ ಮರಗಳ ಬದಲಿಗೆ ಹೂ ಬಿಡುವ ಕಾಡು ಮರಗಳನ್ನೇ ನೆಡಲಿ. ಪಂಚಾಯ್ತಿಗಳು ರಸ್ತೆ ಅಂಚಿಗೆ ಕಳೆನಾಶಕ ಹೊಡೆಸುವುದಿದ್ದರೆ ಅದನ್ನು ನಿಲ್ಲಿಸಲಿ. ಉದ್ಯೋಗ ಖಾತ್ರಿಯ ಕೆಲಸದಲ್ಲಿ ಕತ್ತಿಯಿಂದ ಸವರಿಸಬಹುದು.

ಬೆಳೆಗಾರ ಬಂಧುಗಳೇ, ನಿಮ್ಮ ಕಷ್ಟ ನನ್ನದೂ ಹೌದು. ಎಲೆಚುಕ್ಕಿ ನನ್ನ ತೋಟದಲ್ಲೂ ಇದೆ. ರೋಗ ಬಂದಾಗ ಕೈಗೆ ಸಿಕ್ಕಿದ್ದನ್ನು ಹೊಡೆಯಬೇಕು ಅನಿಸುವುದು ಸಹಜ. ನಾನು ಕೇಳುವುದು ಇಷ್ಟೇ. ಡಬ್ಬಿ ತೆರೆಯುವ ಮೊದಲು ಅದರ ಮೇಲಿನ ಸಣ್ಣ ಅಕ್ಷರ ಓದಿ. ಜೇನಿಗೆ ಅಪಾಯ ಎಂದು ಬರೆದಿದ್ದರೆ ಹೂ ಉದುರುವವರೆಗೆ ಕಾಯಿರಿ. ಶಿಲೀಂಧ್ರನಾಶಕಕ್ಕೆ ಕೀಟನಾಶಕ ಬೆರೆಸಬೇಡಿ. ಡ್ರಮ್ಮು ತೊಳೆದ ನೀರನ್ನು ಕಾಲುವೆಗೆ ಬಿಡಬೇಡಿ. ಪಕ್ಕದಲ್ಲಿ ಪೆಟ್ಟಿಗೆ ಇದ್ದರೆ ಒಂದು ಫೋನ್ ಮಾಡಿ. ನಿಮ್ಮ ಹಿತ್ತಲಿನ ಸೌತೆ, ಹೀರೆ, ಕುಂಬಳದ ಹೂವಿಗೂ ಇದೇ ಜೇನು ಬರುತ್ತದೆ.

ಮಾನ್ಯ ಜಿಲ್ಲಾಧಿಕಾರಿಗಳೇ, ಗೇರಿನ ಹೂ ನವೆಂಬರ್, ಡಿಸೆಂಬರಿನಲ್ಲಿ ಶುರುವಾಗುತ್ತದೆ. ನಾವು ಪೆಟ್ಟಿಗೆ ಇಳಿಸುವುದೂ ಅದೇ ಹೊತ್ತಿಗೆ. ಆದ್ದರಿಂದ ಈ ದೀಪಾವಳಿಯ ಒಳಗೆ ಒಂದು ಸಭೆ ಕರೆಯಿರಿ. ತೋಟಗಾರಿಕೆ, ಕೃಷಿ, ಅರಣ್ಯ ಇಲಾಖೆಯವರು, ಮದ್ದಿನಂಗಡಿಯವರು, ಸೊಸೈಟಿಯವರು, ಬೆಳೆಗಾರರು, ಜೇನು ಸಾಕುವವರು ಎಲ್ಲರೂ ಇರಲಿ. ಕಾರವಾರದಲ್ಲಾದರೂ ಸರಿ, ಶಿರಸಿಯಲ್ಲಾದರೂ ಸರಿ. ಸತ್ತ ನೊಣಗಳ ಫೋಟೋ, ಹೊಡೆದ ದಿನಾಂಕ, ಮದ್ದಿನ ಹೆಸರು, ನಮ್ಮ ಹತ್ತಿರ ಇರುವ ಎಲ್ಲವನ್ನೂ ತರುತ್ತೇವೆ. ಪಂಚಾಯ್ತಿಯಿಂದ ಮುನ್ಸೂಚನೆ ಕೊಡುವ ವ್ಯವಸ್ಥೆ, ತಾಲೂಕಿಗೊಬ್ಬ ಹೊಣೆಗಾರ ಸಿಬ್ಬಂದಿ, ಇವೆರಡರ ಆದೇಶ ಈ ಹೂವಿನ ಕಾಲಕ್ಕೆ ಮೊದಲು ಬರಬೇಕು ಎಂದು ಕೇಳಿಕೊಳ್ಳುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಶಿರಸಿ ತಾಲೂಕಿನ ಒಬ್ಬ ಜೇನು ಕೃಷಿಕ